ತಿರುಗಾಟ ಹೊರಡುವ ಮುನ್ನ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಬೆಂಗಳೂರಿನ ಕೆಲಸ ಬಿಟ್ಟು ಯಕ್ಷಗಾನ ಮೇಳ ಸೇರಿ ಭಾಗವತಿಕೆ (ಹಾಡುಗಾರಿಕೆ) ಮಾಡುತ್ತೇನೆಂದು ನೀನು ಮೊನ್ನೆ ಫೋನಿನಲ್ಲಿ ಹೇಳಿದಾಗ ನಾನು ಸುಮ್ಮನಿದ್ದುದನ್ನು ವಿರೋಧವೆಂದು ತಿಳಿದೆಯಂತೆ. ಮೂವತ್ತನಾಲ್ಕು ವರ್ಷ ಹಗಲು ಬ್ಯಾಂಕಿನ ಕೌಂಟರಿನಲ್ಲೂ ರಾತ್ರಿ ಮದ್ದಳೆಯ ಮುಂದೆಯೂ ಕುಳಿತವನಿಗೆ ಈ ವಿಷಯದಲ್ಲಿ ಹೇಳಬೇಕಾದದ್ದು ಬಹಳವಿದೆ. ಫೋನಿನಲ್ಲಿ ಅದು ಬಾಯಿಗೆ ಬರಲಿಲ್ಲ.

ಎರಡು ದೋಣಿಯಲ್ಲಿ ಕಾಲಿಟ್ಟೂ ಅಪ್ಪ ಮುಳುಗಲಿಲ್ಲವೆಂದು ನೀನು ಗೆಳತಿಯರ ಮುಂದೆ ಹೆಮ್ಮೆಪಡುವುದನ್ನು ಕೇಳಿದ್ದೇನೆ. ಆದರೆ ಆ ಲೆಕ್ಕವನ್ನು ನಾನು ಮನೆಯಲ್ಲಿ ಸರಿಯಾಗಿ ಒಪ್ಪಿಸಿರಲಿಲ್ಲ. ಅಧಿಕಾರಿಯಾಗಿ ಬಡ್ತಿ ಪಡೆಯುವ ಅವಕಾಶ ಎರಡು ಬಾರಿ ಬಂದಿತ್ತು; ಬಡ್ತಿಯ ಬೆನ್ನಿಗೇ ದೂರದೂರಿಗೆ ವರ್ಗವಾಗುತ್ತದೆ, ವರ್ಗವಾದರೆ ಮದ್ದಳೆ ಅಟ್ಟ ಸೇರುತ್ತದೆ ಎಂಬ ಒಂದೇ ಕಾರಣಕ್ಕೆ ಎರಡು ಸಲವೂ ಬೇಡವೆಂದು ಬರೆದುಕೊಟ್ಟೆ. ಅಮ್ಮನಿಗೆ ಮಾತ್ರ ನಿನ್ನ ಶಾಲೆಯ ನೆಪ ಹೇಳಿದ್ದೆ. ನನ್ನ ಹವ್ಯಾಸದ ಬೆಲೆಯನ್ನು ಅವಳು ಗುಮಾಸ್ತನ ಸಂಬಳದಲ್ಲಿ ಮನೆ ನಡೆಸಿ ತೆತ್ತಳು. ಅವಳನ್ನು ಕೇಳಿ ಮಾಡಿದ್ದರೆ ಈಗ ಇಷ್ಟು ಸಂಕೋಚವಿರುತ್ತಿರಲಿಲ್ಲ. (ಇಷ್ಟನ್ನು ಬರೆದ ಮೇಲೆ ಅವಳಿಗೆ ಓದಿ ಹೇಳಿದೆ. “ಗೊತ್ತಿತ್ತು” ಎಂದಳು.)

ಆ ಸಂಬಳದಿಂದ ನನಗೆ ದೊರೆತ ಅನುಕೂಲವನ್ನೂ ಹೇಳಬೇಕು. ಮನಸ್ಸಿಲ್ಲದ ಯಕ್ಷಗಾನದ ಆಟಕ್ಕೆ ಬರುವುದಿಲ್ಲವೆನ್ನಲು ನನಗೆ ಎಂದೂ ಭಯವಾಗಲಿಲ್ಲ. ದೀಪಾವಳಿಯ ನಂತರ ಮೇಳದೊಡನೆ ಊರೂರು ತಿರುಗಾಟ ಹೊರಟ ವೃತ್ತಿಕಲಾವಿದರಿಗೆ ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯವರೆಗೆ, ಸುಮಾರು ಆರು ತಿಂಗಳು, ಗಂಟಲು ಕಟ್ಟಿದ ದಿನವೂ ಆಟವಿರುತ್ತದೆ. ಮಳೆಗಾಲದಲ್ಲಿ ವೇಷ-ಕುಣಿತಗಳಿಲ್ಲದೆ ಕುಳಿತು ಹಾಡು-ಮಾತಿನಲ್ಲೇ ನಡೆಸುವ ತಾಳಮದ್ದಳೆಯ ಕೂಟಗಳನ್ನೇ ನಂಬಬೇಕಾಗುತ್ತದೆ. ಹಾಡಲೇಬೇಕಾದ ಅಂಥ ರಾತ್ರಿಗಳನ್ನು ನಿನ್ನ ಭಾನುವಾರದ ಭಾಗವತಿಕೆ ತರಗತಿ ತೋರಿಸುವುದಿಲ್ಲ.

ನೀನು ಹೆಣ್ಣೆಂಬ ಕಾರಣಕ್ಕೆ ನಾನು ಹಿಂಜರಿಯುತ್ತಿಲ್ಲ. ಲೀಲಾವತಿ ಬೈಪಾಡಿತ್ತಾಯರು ದಶಕಗಳ ಹಿಂದೆಯೇ ತೆಂಕುತಿಟ್ಟಿನ (ಯಕ್ಷಗಾನದ ದಕ್ಷಿಣದ ಶೈಲಿಯ) ವೃತ್ತಿಮೇಳದಲ್ಲಿ ಭಾಗವತರಾಗಿ ಜಾಗಟೆ ಹಿಡಿದು ಆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ಅವರ ಪತಿ ಹರಿನಾರಾಯಣ ಬೈಪಾಡಿತ್ತಾಯರು ಚೆಂಡೆ–ಮದ್ದಳೆಯ ಕಲಾವಿದರಾಗಿ ಜೊತೆಗಿದ್ದರೆಂಬುದನ್ನೂ ಗಮನಿಸು. ಮನೆಯವರ ಒಪ್ಪಿಗೆಯನ್ನು ನಾನು ಅಷ್ಟು ಮುಖ್ಯವೆಂದು ಎಣಿಸುವುದು ಇದಕ್ಕೇ.

ಇನ್ನು ಬ್ಯಾಂಕಿನವನ ಮಾತು. ಬರುವ ಸೆಪ್ಟೆಂಬರಿಗೆ ನಿನ್ನ ಸೇವೆ 5 ವರ್ಷ ತುಂಬುತ್ತದೆ; ಅಲ್ಲಿಯವರೆಗೆ ಕಾದರೆ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ ಗ್ರಾಚ್ಯುಟಿ ಬರುತ್ತದೆ, ಈಗಲೇ ಬಿಟ್ಟರೆ ಅದು ಕೈತಪ್ಪಬಹುದು. ಕಂಪನಿಯ ಆರೋಗ್ಯ ವಿಮೆ ಕೆಲಸದೊಡನೆಯೇ ಮುಗಿಯುವುದರಿಂದ ನಿನ್ನ ಹೆಸರಿನಲ್ಲಿ ಬೇರೊಂದನ್ನು ಈಗಲೇ ಮಾಡಿಸು. ಹೊಸ ವಿಮೆಯಲ್ಲಿ ಕೆಲವು ಕಾಯಿಲೆಗಳಿಗೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಒಂದು ವರ್ಷದ ಖರ್ಚಿಗಾಗುವಷ್ಟು ಹಣವನ್ನು ಮುಟ್ಟದೆ ಇಡು.

ಈ ಮಳೆಗಾಲದ ಶನಿವಾರಗಳಂದು ಊರಿಗೆ ಬಂದು ಕೂಟಗಳಲ್ಲಿ ಹಾಡು. ಸೆಪ್ಟೆಂಬರ್ ಕಳೆದ ಮೇಲೂ ಮನಸ್ಸು ಬದಲಾಗದಿದ್ದರೆ ರಾಜೀನಾಮೆ ಕೊಡು, ನಾನು ತಡೆಯುವುದಿಲ್ಲ. ಮೊದಲ ಕೂಟಕ್ಕೆ ಮದ್ದಳೆಗೆ ನಾನೇ ಕೂರುತ್ತೇನೆ. ಅದಕ್ಕೆ ಹೊಸ ಮುಚ್ಚಿಗೆ (ಬಾರಿಸುವ ಚರ್ಮ) ಹಾಕಿಸಿಟ್ಟಿದ್ದೇನೆ. ನಿನ್ನ ಶ್ರುತಿ ಯಾವುದೆಂದು ಮೊದಲೇ ತಿಳಿಸು.

ಇಂತಿ,
ನಿನ್ನ ಅಪ್ಪ