ನಿಮ್ಮವ್ವ ಕನ್ನಡಕ ಇಲ್ಲದೆ ಸೂಜಿ ಪೋಣಿಸಿದರು

ಪ್ರೀತಿಯ ಗೆಳೆಯಾ,

ಹೋದ ಭಾನುವಾರ ದಾವಣಗೆರೆಯ ನಿಮ್ಮ ಮನೆಗೆ ಹೋಗಿದ್ದೆ. ನಿಮ್ಮವ್ವ ಬಾಗಿಲ ಹತ್ತಿರ ಕೂತು ಕೌದಿ ಹೊಲಿಯುತ್ತಿದ್ದರು. ಗೇಟಿನಲ್ಲಿ ನಿಂತ ನನ್ನನ್ನು "ಯಾರಪ್ಪಾ ಅದು?" ಅಂದರು. ನಾನು ಮಾತಾಡಿದ ಮೇಲೇ ಗುರುತು ಸಿಕ್ಕಿದ್ದು. ಒಳಗೆ ಹೋದರೆ ಕನ್ನಡಕ ಪಕ್ಕಕ್ಕೆ ಮಡಚಿಟ್ಟಿತ್ತು. "ನೋಡಪ್ಪಾ, ಈ ವಯಸ್ಸಲ್ಲಿ ಕಣ್ಣು ತಿರುಗಿ ಬಂದೈತಿ" ಅಂತ ನಗುತ್ತಾ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದರು.

ನನಗೆ ನಗು ಬರಲಿಲ್ಲ. ನಮ್ಮವ್ವನೂ ಹೀಗೇ ಅಂದಿದ್ದಳು.

ವಯಸ್ಸಾದಂತೆ ಕಣ್ಣಿನೊಳಗಿನ ಲೆನ್ಸ್ ಮಂಜಾಗುತ್ತದೆ, ಅದೇ ಪೊರೆ. ಕೆಲವರಿಗೆ ಲೆನ್ಸಿನ ನಡುಭಾಗ ಗಟ್ಟಿಯಾಗುತ್ತಾ ಬಂದಾಗ ಸ್ವಲ್ಪ ದಿನ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ. ದೂರದ್ದು ಮಸುಕಾಗುತ್ತದೆ. ಕಣ್ಣು ತಿರುಗಿ ಬಂದಿದ್ದಲ್ಲ ಅದು, ಪೊರೆ ಬಲಿಯುತ್ತಿರುವ ಗುರುತು.

ಅಪ್ಪನಿಗೆ ಪೊರೆ ಅಂದ ತಿಂಗಳೇ ತೆಗೆಸಿದೆವು. ಅವರು ಗಾಡಿ ಓಡಿಸಬೇಕು, ಅಂಗಡಿ ಲೆಕ್ಕ ನೋಡಬೇಕು. ಅವ್ವನದು ನಾಲ್ಕು ವರ್ಷ ತಡವಾಯಿತು. "ಅಡುಗೆಮನೆ ಎಲ್ಲಾ ನನ್ನ ಕೈಗೆ ಗೊತ್ತು ಬಿಡು" ಅನ್ನುತ್ತಿದ್ದಳು. ಅನ್ನದಲ್ಲಿ ಕಲ್ಲು ಸಿಗತೊಡಗಿತು. ನಾವು ಅಕ್ಕಿ ಅಂಗಡಿ ಬದಲಾಯಿಸಿದೆವು! ಮೊರ ಹಿಡಿದು ಕೂತವಳ ಕಣ್ಣು ನೋಡಲು ಒಬ್ಬರಿಗೂ ತೋಚಲಿಲ್ಲ. ಒಂದು ಸಂಜೆ ಹಿತ್ತಲ ಮೆಟ್ಟಿಲು ಕಾಣದೆ ಬಿದ್ದಳು. ಆಗ ಎಚ್ಚರವಾಯಿತು.

ಇದು ನಮ್ಮನೆ ಕಥೆ ಮಾತ್ರ ಅಲ್ಲ. 2015ರಿಂದ 2019ರವರೆಗೆ ದೇಶದಲ್ಲಿ ನಡೆದ ಸಮೀಕ್ಷೆಯಲ್ಲಿ, 50 ದಾಟಿ ದೃಷ್ಟಿ ಕಳೆದುಕೊಂಡವರಲ್ಲಿ ನೂರಕ್ಕೆ 66 ಜನರಿಗೆ ಕಾರಣ ಪೊರೆಯೇ. ದೃಷ್ಟಿ ಹೋದವರಲ್ಲಿ ಹೆಂಗಸರೇ ಜಾಸ್ತಿ. ಅವರು ಹೆಚ್ಚು ವರ್ಷ ಬದುಕುತ್ತಾರೆ, ಅದೊಂದು ಕಾರಣ. ಮುಟ್ಟು ನಿಂತ ಮೇಲೆ ಹಾರ್ಮೋನ್ ಇಳಿಯುವುದೂ ಇರಬಹುದು ಅನ್ನುತ್ತಾರೆ. ಸೌದೆ ಒಲೆಯ ಹೊಗೆಗೂ ಪೊರೆಗೂ ನಂಟಿದೆ. ಆದರೆ ನನ್ನನ್ನು ಕಾಡುವುದು ಬೇರೆ. ಆಪರೇಷನ್ ಮಾಡಿಸಿಕೊಳ್ಳುವುದರಲ್ಲೂ ಹೆಂಗಸರು ಹಿಂದೆ. ಯಾರು ಕರೆದುಕೊಂಡು ಹೋಗಬೇಕು, ಮನೆ ಯಾರು ನೋಡಿಕೊಳ್ಳಬೇಕು ಅನ್ನುವುದರಲ್ಲೇ ವರ್ಷಗಳು ಕಳೆಯುತ್ತವೆ.

ಪೊರೆ ಪೂರ್ತಿ ಹಣ್ಣಾಗಲಿ ಅಂತ ಕಾಯುವ ಕಾಲ ಹೋಯಿತು. ತೀರಾ ಬಲಿತರೆ ತೆಗೆಯುವುದೇ ಕಷ್ಟ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗಿನ ಕೆಲಸ, ಮಂಜಾದ ಲೆನ್ಸ್ ತೆಗೆದು ಹೊಸದು ಕೂರಿಸುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. 1976ರಿಂದಲೇ ಕುರುಡುತನ ತಡೆಯಲು ಒಂದು ರಾಷ್ಟ್ರೀಯ ಕಾರ್ಯಕ್ರಮ ಇದೆ.

ಅವ್ವನ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮೊದಲು ನೋಡಿದ್ದು ತನ್ನ ಸೆರಗನ್ನೇ. "ಇದು ನೀಲಿ ಸೀರೆನಾ? ಹಸಿರು ಅಂದ್ಕಂಡು ಉಡ್ತಿದ್ನಲ್ಲೋ" ಅಂದಳು. ಪೊರೆ ಹಳದಿಗೆ ತಿರುಗಿ ನೀಲಿ ಬಣ್ಣವನ್ನೇ ತಡೆದಿತ್ತು. ಎಷ್ಟು ವರ್ಷದಿಂದಲೋ, ನಾವ್ಯಾರೂ ಕೇಳಿರಲಿಲ್ಲ.

ನಿಮ್ಮವ್ವನಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಅದಿದ್ದವರಿಗೆ ಪೊರೆ ಬೇಗ ಬರುತ್ತದೆ, ಕಣ್ಣಿನ ಹಿಂಭಾಗದ ಪರದೆಯನ್ನೂ (ರೆಟಿನಾ) ನೋಡಿಸಬೇಕು. ಇವತ್ತು ರಾತ್ರಿಯೇ ಫೋನ್ ಮಾಡು. ನಾನು ಹೇಳಿದರೆ "ಯುಗಾದಿ ಕಳೀಲಿ, ಮೊಮ್ಮಗಳ ಪರೀಕ್ಷೆ ಮುಗೀಲಿ" ಅನ್ನುತ್ತಾರೆ. ನೀನು ಹೇಳಿದರೆ ಹೊರಡುತ್ತಾರೆ. ಬುಧವಾರ ಬೆಳಿಗ್ಗೆ ನಾನೇ ಆಟೋ ತರುತ್ತೇನೆ. ಕಣ್ಣಿಗೆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಮಸುಕು ಮಸುಕಾಗಿರುತ್ತದೆ. ಅಷ್ಟೂ ಹೊತ್ತು ಅವರ ಪಕ್ಕದಲ್ಲೇ ಕೂತಿರುತ್ತೇನೆ.

ನಿನ್ನ ಗೆಳೆಯ