ತೋಳು ನೋಡಿ ಇಸವಿ ಹೇಳುವವನ ಪತ್ರ

ಪ್ರಿಯ ಸೀನ,

ನೀನು ಕಳಿಸಿದ ಡಚ್ ಹೆಂಗಸಿನ ಭಾವಚಿತ್ರ ನೋಡಿದೆ. ಕಪ್ಪು ರೇಷ್ಮೆ, ಲೇಸಿನ ಟೋಪಿ, ಕತ್ತಿನ ಹತ್ರ ಬ್ರೋಚು. ಕೆಳಗೆ ಬರೀ ‘19ನೇ ಶತಮಾನ’ ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಉಡುಪಿನ ತೋಳು ನೋಡೋ, ದಶಕವೇ ಸಿಗುತ್ತೆ. ಭುಜದ ಕೆಳಗೆ ಬಲೂನಿನ ಹಾಗೆ ಉಬ್ಬಿದ್ದರೆ 1830ರ ಆಸುಪಾಸು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಡಚ್ ಕಲಾವಿದ ಯಾನ್ ಆಡಮ್ ಕ್ರುಸೆಮನ್ ಬರೆದ ಅಲಿಡಾ ಅಸಿಂಕ್ ಅನ್ನೋ ಹುಡುಗಿ ಇದ್ದಾಳಲ್ಲ, 1833ರವಳು, ಅದೇ ಕಾಲ. 1836ರ ಹೊತ್ತಿಗೆ ಗಾಳಿ ಇಳಿಯುತ್ತೆ. 1840ರ ದಶಕದಲ್ಲಿ ತೋಳು ಬಿಗಿ, ತಲೆ ನಡುಬೈತಲೆ. ಆಮೇಲೆ ಮಣಿಕಟ್ಟಿನ ಕಡೆ ಅಗಲ, ಒಳಗೊಂದು ಬಿಳಿ ಒಳತೋಳು. ನಿನ್ನವಳ ತೋಳು ಬಿಗಿ, ಅಂದ್ರೆ 1840ರ ದಶಕದವಳು. ಆದರೆ ವಯಸ್ಸಾದವರು ಹಳೇ ಫ್ಯಾಶನ್ ಬಿಡಲ್ಲ, ಹಾಗಾಗಿ ಹತ್ತು ವರ್ಷ ಆಚೀಚೆ.

ಕಪ್ಪು ಭಾಗ ಮೊಸಳೆ ಚರ್ಮದ ಥರ ಬಿರುಕು ಬಿಟ್ಟಿದ್ದರೆ ಬಿಟುಮೆನ್ (ಡಾಂಬರಿನಂಥ ಕಂದುಗಪ್ಪು ಬಣ್ಣ) ಮೇಲೆ ಅನುಮಾನ ಪಡು. ಅದು ಪೂರ್ತಿ ಒಣಗೋದೇ ಇಲ್ಲ. ಮೇಲಿನ ಪದರ ಬೇಗ ಗಟ್ಟಿಯಾಗುತ್ತೆ, ಕೆಳಗಿನದು ಜರುಗ್ತಾನೇ ಇರುತ್ತೆ, ಮೇಲಿನದು ಸೀಳುತ್ತೆ. ಇನ್ನು ಲೇಸು. ಸೀಸದ ಬಿಳಿಯನ್ನು ದಪ್ಪಗೆ ಇಟ್ಟು ಬರೆದಿರ್ತಾರೆ. ಪಕ್ಕದಿಂದ ಟಾರ್ಚ್ ಹಿಡಿದರೆ ಉಬ್ಬು ಕಾಣಬೇಕು. ಚಪ್ಪಟೆಯಾಗಿದ್ದರೆ ಫ್ರೇಮ್ ತಿರುಗಿಸಿ ಹಿಂಬದಿ ನೋಡು. ಜೇನುಮೇಣ, ರಾಳ ಕಾಯಿಸಿ, ಹಿಂದೆ ಇನ್ನೊಂದು ಕ್ಯಾನ್ವಾಸ್ ಅಂಟಿಸಿ ಇಸ್ತ್ರಿ ಹಾಕಿರಬಹುದು. ಇದು ಡಚ್ಚರದ್ದೇ ವಿಧಾನ. 1851ರಲ್ಲಿ ಚಿತ್ರ ದುರಸ್ತಿ ಮಾಡುವ ಹಾಪ್‌ಮನ್ ರೆಂಬ್ರಾಂಟ್‌ನ ‘ನೈಟ್ ವಾಚ್’ಗೂ ಹೊಸ ಕ್ಯಾನ್ವಾಸ್ ಬೆನ್ನಿಗಿಟ್ಟ. ಚಿತ್ರ ಗಟ್ಟಿಯಾಗುತ್ತೆ ನಿಜ, ಆದರೆ ಬಿಸಿ ಮತ್ತು ಒತ್ತಡಕ್ಕೆ ಲೇಸಿನ ಉಬ್ಬು ಸಾಯುತ್ತೆ, ಮೇಣ ಕುಡಿದ ಬಣ್ಣ ಎಷ್ಟೋ ಸಲ ಕಪ್ಪಾಗುತ್ತೆ.

ಮುಖದ ಬಗ್ಗೆ ನೀನು ಕೇಳಿದ್ದೆ: ‘ಇವಳು ಬೇಜಾರಲ್ಲಿದ್ದಾಳಾ?’ ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಕಣೋ. ಎಷ್ಟೋ ಕಡೆ ಕಲಾವಿದರು ಉಡುಪನ್ನು ಬೊಂಬೆಗೆ ತೊಡಿಸಿ ಬರೆದುಕೊಳ್ತಿದ್ದರು. ಆಕೆ ಎದುರಿಗೆ ಕೂರುತ್ತಿದ್ದದ್ದು ಮುಖ್ಯವಾಗಿ ಮುಖಕ್ಕೆ. ನಾನೋ, ಮುಖ ಬಿಟ್ಟು ಉಳಿದದ್ದನ್ನೆಲ್ಲ ಓದ್ತೀನಿ. ಅಮ್ಮನ ಮದುವೆ ಫೋಟೋ ಸಿಕ್ಕಾಗಲೂ ಮೊದಲು ರವಿಕೆ ತೋಳು ನೋಡಿ ದಶಕ ಹೇಳಿದೆ. ಅಮ್ಮನನ್ನ ನೋಡಿದ್ದು ಆಮೇಲೆ.

ಹೋಗ್ಲಿ ಬಿಡು, ಇದನ್ನ ನಾಲ್ಕು ಜನ ಓದ್ತಾರೆ. ನೀನು ಪ್ರೊಫೈಲ್ ಫೋಟೋ ಬದಲಾಯಿಸು, ಕಾಲರ್ ನೋಡಿ ಇಸವಿ ಹೇಳ್ತೀನಿ. ಬೈತಲೆ ನೋಡಿ ಹೇಳೋ ಕಾಲ ಅಂತೂ ನಿನಗೆ ಮುಗೀತು.

ನಿನ್ನ,
ತೋಳು ತಜ್ಞ