ಹತ್ತು ಫೂಟಿನ ರಿಂಗು

ಇಳಕಲ್ಲ, ಸೋಮವಾರ

ಅವ್ವಿ,

ಮೊನ್ನೆ ರಾತ್ರಿ ನೀ ಫೋನಿನಾಗ ಅಳಾಕತ್ತಾಗ ನಾ ಬರೀ "ಹೂಂ, ಹೂಂ" ಅಂದೆ. ಅವಸರದಾಗ ಏನರ ಅಂದು ನಿನ್ನ ಮನಸ್ಸು ಮತ್ತಷ್ಟು ಕೆಡಸಬಾರದು ಅಂತ ಸುಮ್ಮನಿದ್ದೆ. ಇವತ್ತು ಮುಂಜಾನಿಯಿಂದ ಹೊಸ ಸೀರಿಗೆ ಕೊಂಡಿ ಹಾಕಾಕತ್ತಿದ್ವಿ. ಸೆರಗಿನ ರೇಷ್ಮಿ ಎಳಿ ನಿಮ್ಮಪ್ಪ ಹಿಡದು ಕೊಡೋದು, ಒಡಲಿನ ಹತ್ತಿ ಎಳಿಗೆ ನಾ ಅದನ್ನ ಕೊಂಡಿ ಹಾಕೋದು. ಒಂದೊಂದ ಎಳಿ, ಒಂದೊಂದ ಕೊಂಡಿ. ಆ ಕೆಲಸದಾಗ ಕೈ ತಾನ ನಡದಿರತೈತಿ, ಮನಸ್ಸು ಖಾಲಿ ಇರತೈತಿ. ಇಡೀ ಹೊತ್ತು ನಿಂದ ವಿಚಾರ ಬಂತು.

ಹಳೇ ಬಾಸ್ಕೆಟ್‌ಬಾಲ್ ತಂಡದವರು ಈ ವರ್ಷ ನಿನ್ನ ಬ್ಯಾಡ ಅಂದ್ರು. ಈಗ ಎರಡು ಕಡಿಯಿಂದ ಕರಿ ಬಂದೈತಿ. ಒಂದು ದೊಡ್ಡ ಹೆಸರಿನ ತಂಡ, ಜೋಡಿಗೆ ಕಾಯಂ ನೌಕರಿ. ಆದ್ರ ನಿನ್ನ ಜಾಗದಾಗ ಆಗಲೇ ಇಬ್ಬರು ಸೀನಿಯರ್ ಅದಾರ. ಇನ್ನೊಂದು ಸಣ್ಣ ತಂಡ, ರೊಕ್ಕ ಕಡಿಮಿ. ಅಲ್ಲಿ ಕೋಚ್ ಮೂರು ಸಲ ಬಂದು ನಿನ್ನ ಆಟ ನೋಡಿ ಹೋಗ್ಯಾರ. "ಅಲ್ಲಿ ಹೋದ್ರ ಕೆಳಗ ಇಳದಂಗ ಆಗತೈತಿ, ಅವ್ವ" ಅಂದಿ. ಆ ಮಾತು ನನಗ ಚುಚ್ಚಿತು.

ನೆನಪೈತೇನ, ನಿಮ್ಮಪ್ಪ ವೆಲ್ಡಿಂಗ್ ಅಂಗಡಿಯಾಗ ಕಬ್ಬಿಣದ ರಿಂಗ್ ಮಾಡಿಸಿ ತಂದು ಹಿತ್ತಲದಾಗ ಕಂಬಕ್ಕ ಹಚ್ಚಿದ್ರು. ನಿನಗ ಆವಾಗ ಹನ್ನೊಂದು ವರ್ಷ. ಚೆಂಡು ಮುಟ್ಟವಲ್ದು ಅಂತ ನೀ ಅತ್ತಿ, ಅವರು ಎರಡು ಫೂಟು ಕೆಳಗ ಇಳಿಸಿದ್ರು. ಒಂದು ತಿಂಗಳು ನೀ ಹಾಕಿದ್ದೆಲ್ಲಾ ಒಳಗ. ಆಮ್ಯಾಲೆ ಬಾಗಲಕೋಟಿಗೆ ಮ್ಯಾಚಿಗೆ ಹೋದಿ, ಒಂದು ಚೆಂಡೂ ರಿಂಗಿಗೆ ತಾಗಲಿಲ್ಲ. ಹೊಳ್ಳಿ ಬಂದವಳು ಊಟ ಸೈತ ಮಾಡಲಿಲ್ಲ, ಸ್ಟೂಲ್ ಹಾಕಿ ಟೇಪು ಹಿಡಕೊಂಡು ನಿಂತಿ. "ಅಪ್ಪಾ, ಹತ್ತು ಫೂಟು. ಒಂದು ಇಂಚೂ ಕಡಿಮಿ ಆಗಬಾರದು." 3.05 ಮೀಟರ್ ಅಂತ ನಿನ್ನ ನೋಟ್‌ಬುಕ್ಕಿನಾಗ ಬರಕೊಂಡಿದ್ದು ಇನ್ನೂ ಐತಿ.

ಆ ಸಣ್ಣ ತಂಡದಾಗೂ ರಿಂಗು ಹತ್ತು ಫೂಟಿಗೇ ಇರತೈತಿ, ಅವ್ವಿ. ಕೋರ್ಟು ಅದ 28 ಮೀಟರ್ ಉದ್ದ, 15 ಮೀಟರ್ ಅಗಲ. ಎದುರಿಗೆ ಬರೋ ಹುಡುಗ್ಯಾರೂ ಅವರ.

ಹೋದ ವರ್ಷ ರಾತ್ರಿಯಿಡೀ ಬಸ್ಸಿನಾಗ ಕುಂತು ಬೆಂಗಳೂರಿಗೆ ನಿನ್ನ ಮ್ಯಾಚ್ ನೋಡಾಕ ಬಂದಿದ್ವಲ್ಲ, ಅವತ್ತು ನಾ ಏನು ನೋಡಿದೆ ಅಂತ ನಿನಗ ಎಂದೂ ಹೇಳಿಲ್ಲ. ಹನ್ನೆರಡು ಮಂದ್ಯಾಗ ಐದು ಮಂದಿ ಆಡತಾರ, ಏಳು ಮಂದಿ ಕುಂತಿರತಾರ. ನೀ ಆ ಏಳರಾಗ ಇದ್ದಿ. ನಾ ಆಟ ನೋಡಲಿಲ್ಲ, ನಿನ್ನ ಬೂಟು ನೋಡಿದೆ. ಲೇಸು ಬಿಚ್ಚತಿದ್ದಿ, ಕಟ್ಟತಿದ್ದಿ, ಮತ್ತ ಬಿಚ್ಚತಿದ್ದಿ. 40 ನಿಮಿಷದ ಆಟದಾಗ ಕಡೀಕ ಎರಡು ನಿಮಿಷ ಇಳಿಸಿದ್ರು, ಅದೂ ಗೆಲವು ಖಾತ್ರಿ ಆದ ಮ್ಯಾಲೆ. ಮುಗದ ಕೂಡಲೇ ಓಡಿ ಬಂದು ನನ್ನ ತೆಕ್ಕಿ ಬಡದಿ. ನಿನ್ನ ಮೈಯಾಗ ಬೆವರು ಇರಲಿಲ್ಲ. ಅವತ್ತು ರಾತ್ರಿ ನನಗ ನಿದ್ದಿ ಹತ್ತಲಿಲ್ಲ.

ಅಮೆರಿಕಾದ ಬಾಸ್ಕೆಟ್‌ಬಾಲ್ ಆಟಗಾರ ಸ್ಟೀಫನ್ ಕರ್ರಿ ಕತಿ ನೀನ ನನಗ ಹೇಳಿದ್ದಿ. ಅಪ್ಪ, ಅವ್ವ ಇಬ್ಬರೂ ಓದಿ ಆಡಿದ ವರ್ಜೀನಿಯಾ ಟೆಕ್‌ದವರ ಅವಗ ಸ್ಕಾಲರ್‌ಶಿಪ್ ಕೊಡಲಿಲ್ಲ, ಮೈ ಸಣ್ಣದಂತ. ಡೇವಿಡ್‌ಸನ್ ಅನ್ನೋ ಸಣ್ಣ ಕಾಲೇಜಿನ ಕೋಚ್ ಬಾಬ್ ಮೆಕಿಲಪ್ ಕರಕೊಂಡ್ರು. 2006ರಾಗ ಮೊದಲನೇ ಆಟದಾಗ ಹುಡುಗ 13 ಸಲ ಚೆಂಡು ಕಳಕೊಂಡ. ಕೋಚ್ ಮುಂದಿನ ಆಟಕ್ಕೂ ಅವನ್ನ ಇಳಿಸಿದ್ರು. ಆ ಆಟದಾಗ ಅವನ 32 ಪಾಯಿಂಟ್ ಹೊಡದ. ಮುಂದ ನಾಲ್ಕು ಸಲ ಎನ್‌ಬಿಎ, ಅಂದ್ರ ಅಲ್ಲಿನ ದೊಡ್ಡ ಲೀಗ್, ಗೆದ್ದ. ನೀ ಹೇಳುವಾಗ ಆ 32ರ ಮ್ಯಾಲೆ ನಿನ್ನ ಕಣ್ಣು ಇತ್ತು. ನಾ ಇವತ್ತಿಗೂ ಆ 13 ಮರತಿಲ್ಲ. ಹದಿಮೂರು ತಪ್ಪು ಮಾಡಿದ ಮ್ಯಾಲೂ ನಾಳೆ ನಿನ್ನ ಹೊಳ್ಳಿ ಇಳಿಸೋರು ಈ ಎರಡು ತಂಡದಾಗ ಯಾರು? ಅದನ್ನಷ್ಟ ವಿಚಾರ ಮಾಡು.

ಅದ ಲೀಗಿನ ಆಟಗಾರ ಜೆರೆಮಿ ಲಿನ್ನನ್ನ 2011ರ ಡಿಸೆಂಬರ್‌ದಾಗ ಎರಡು ತಂಡ ಕೈ ಬಿಟ್ಟವು. 2012ರ ಫೆಬ್ರವರಿಯಾಗ ನ್ಯೂಯಾರ್ಕ್ ನಿಕ್ಸ್ ತಂಡ ಅವನ ಆಟದಿಂದ ಸಾಲಾಗಿ ಏಳು ಮ್ಯಾಚ್ ಗೆದ್ದಿತು. ಎರಡು ತಿಂಗಳದಾಗ ಅವನ ಕೈ ಏನು ಬ್ಯಾರೆ ಆಗಿತ್ತೇನ? ಅವನಂಥವ ಬೇಕಾಗಿದ್ದ ತಂಡ ಸಿಕ್ಕಿತು, ಅಷ್ಟ. ನಮ್ಮ ಗೀತು ಅನ್ನಾ ಜೋಸ್ 2011ರಾಗ ಅಮೆರಿಕಾಕ್ಕ ಹೋಗಿ ಅಲ್ಲಿನ ಹೆಣ್ಣಮಕ್ಕಳ ಲೀಗ್ ಡಬ್ಲ್ಯೂಎನ್‌ಬಿಎ ಟ್ರಯಲ್ಸ್ ಕೊಟ್ರು, ಜಾಗ ಸಿಗಲಿಲ್ಲ. ಹೊಳ್ಳಿ ಬಂದು ಭಾರತಕ್ಕ ಆಡಿದ್ರು. ಬ್ಯಾಡ ಅನಿಸಿಕೊಂಡಾಕಿ ನೀ ಒಬ್ಬಾಕೀನ ಅಲ್ಲ.

ಆದ್ರ ಒಂದು ಮಾತು, ಸಿಟ್ಟು ಮಾಡಬ್ಯಾಡ. ಹಳೇ ಕೋಚ್ ನಿನ್ನ ಎಡಗೈ ಬಗ್ಗೆ ಹೇಳಿದ್ದು ಖರೆ ಐತಿ. ಒತ್ತಡ ಬಂದ ಕೂಡಲೇ ನೀ ಬಲಗಡೆನ ಹೊಳ್ಳತಿ. ಮಗ್ಗದ ಮ್ಯಾಲೆ ಕುಂದ್ರೋ ನನಗ ಅದು ಕಾಣತೈತಿ ಅಂದ್ರ ಎದುರಿನ ಹುಡುಗಿಗೆ ಕಾಣದ ಇರತೈತೇನ? ತಂಡ ಬದಲಿ ಮಾಡಿದ್ರ ಎಡಗೈ ಬದಲಿ ಆಗಂಗಿಲ್ಲ. ಅದನ್ನ ನಿನಗ ಮಾರಿ ಮ್ಯಾಲೆ ಹೇಳಿ, ದಿನಾ ಅರ್ಧ ತಾಸು ನಿಂತು ಕಲಸೋ ಕೋಚ್ ಹಂತ್ಯಾಕ ಹೋಗು. ಮೊಣಕಾಲು ನೋಡಾಕ ಫಿಸಿಯೋ ಅದಾರೇನ, ಅದನ್ನೂ ಕೇಳು. ಈ ಆಟದಾಗ ಗಂಡ ಹುಡುಗರಿಗಿಂತ ಹೆಣ್ಣ ಹುಡುಗ್ಯಾರಿಗೆ ಎಸಿಎಲ್, ಅಂದ್ರ ಮೊಣಕಾಲಿನ ಒಳಗಿನ ಕಟ್ಟು, ಹರಿಯೋದು ಜಾಸ್ತಿ. ಕೇಳಾಕ ನಾಚಬ್ಯಾಡ.

ನಿಮ್ಮಪ್ಪಗ ಆ ಕಾಯಂ ನೌಕರಿ ಮ್ಯಾಲೆ ಮನಸ್ಸೈತಿ. ತಪ್ಪು ಅನ್ನಂಗಿಲ್ಲ ನಾ. ಸೀರಿ ಮಾರಿದ್ರ ಉಂಟು, ಇಲ್ಲಂದ್ರ ಇಲ್ಲ ಅನ್ನೋ ಮನ್ಯಾಗ ತಿಂಗಳ ಪಗಾರ ಅಂದ್ರ ಏನು ಅಂತ ನಿನಗೂ ಗೊತ್ತೈತಿ. ಆದ್ರ ನಿನಗ ಇನ್ನೂ ಇಪ್ಪತ್ತೊಂದು. ಆಡಿ ಹೆಸರು ಮಾಡಿದ್ರ ನೌಕರಿ ಆಮ್ಯಾಲೂ ಸಿಕ್ಕೀತು. ಕುಂತು ಕಳದ ಎರಡು ವರ್ಷ ಯಾರು ಹೊಳ್ಳಿ ಕೊಡತಾರ? ಇದನ್ನ ಅವರ ಮುಂದೂ ಹೇಳೀನಿ. ಕೊಂಡಿ ಹಾಕೋದು ಮುಗಿಯೂತನ ಮಾತಾಡಲಿಲ್ಲ, ಆಮ್ಯಾಲೆ "ಅಕೀನ ಕೇಳು" ಅಂದ್ರು.

ಶನಿವಾರ ಆ ಸಣ್ಣ ತಂಡದ ಪ್ರಾಕ್ಟೀಸಿಗೆ ಒಮ್ಮೆ ಹೋಗಿ ಬಾ. ಸಹಿ ಹಾಕಬ್ಯಾಡ, ಬರೀ ಆಡಿ ಬಾ. ರಾತ್ರಿ ಒಂಬತ್ತರ ಮ್ಯಾಲೆ ಫೋನ್ ಮಾಡು, ಮಗ್ಗ ನಿಂತಿರತೈತಿ. ಎಷ್ಟು ಬೆವತಿ ಅಂತ ಮೊದಲ ಹೇಳು, ಉಳದದ್ದು ಆಮ್ಯಾಲೆ ಮಾತಾಡೋಣು.

ನಿನ್ನ
ಅವ್ವ